ಸತ್ಯಾಂಶ: ಡಿಎನ್‌ಎಸ್ ಬದಲಿಸಿದರೆ ಡೌನ್‌ಲೋಡ್ ವೇಗ ದುಪ್ಪಟ್ಟಾಗುತ್ತದೆಯೇ?

ಸೆಟ್ಟಿಂಗ್ಸ್‌ಗೆ ಹೋಗಿ ಡಿಎನ್‌ಎಸ್ ಜಾಗದಲ್ಲಿ 8.8.8.8 (ಗೂಗಲ್‌ನ ಡಿಎನ್‌ಎಸ್ ಸರ್ವರ್‌ನ ವಿಳಾಸ) ಎಂದು ಹಾಕಿದರೆ ಇಂಟರ್ನೆಟ್ ವೇಗ ದುಪ್ಪಟ್ಟಾಗುತ್ತದೆ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ. ಅದು ನಿಜವಲ್ಲ.

ಡಿಎನ್‌ಎಸ್‌ನ ಮುಖ್ಯ ಕೆಲಸ ಜಾಲತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದರ ಸರ್ವರ್ ಅನ್ನು ಗುರುತಿಸುವ ಸಂಖ್ಯೆ, ಹೇಳುವುದು. ಈ ಪ್ರಶ್ನೋತ್ತರ ಸಾಮಾನ್ಯವಾಗಿ ಯುಡಿಪಿ ಎಂಬ ಸಂದೇಶ ಸಾಗಿಸುವ ವಿಧಾನದಲ್ಲಿ, ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) 53ರಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸಿಕ್ಕ ಉತ್ತರವನ್ನು ಫೋನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ ಕೂಡ. ಆಮೇಲೆ ವಿಡಿಯೊ, ಫೈಲು ಎಲ್ಲ ಬರುವುದು ಟಿಸಿಪಿ ಅಥವಾ ಕ್ವಿಕ್ ಎಂಬ, ಡೇಟಾ ಸಾಗಿಸುವ ಪ್ರೋಟೊಕಾಲ್ (ನಿಯಮಾವಳಿ) ಮೂಲಕ, ಆ ವಿಳಾಸದ ಸರ್ವರ್‌ನಿಂದ. ಡಿಎನ್‌ಎಸ್ ಆ ದಾರಿಯಲ್ಲೇ ಇರುವುದಿಲ್ಲ.

ಹಾಗಂತ ಕಳಿಸಿದವರ ಅನುಭವ ಸುಳ್ಳೇನಲ್ಲ. ಹಳೆಯ ಡಿಎನ್‌ಎಸ್ ಸರ್ವರ್ ನಿಧಾನವಾಗಿದ್ದರೆ ಪುಟಗಳು ತೆರೆದುಕೊಳ್ಳಲು ತಡವಾಗುತ್ತವೆ. ಬದಲಿಸಿದರೆ ಅಷ್ಟು ಮಾತ್ರ ಸರಿಹೋಗುತ್ತದೆ. ಕೆಲವೊಮ್ಮೆ ಉಲ್ಟಾ ಆಗುವುದೂ ಉಂಟು: ಹೊಸದು ದೂರದ ಸರ್ವರ್‌ನ ವಿಳಾಸ ಕೊಟ್ಟರೆ ವಿಡಿಯೊ ಇನ್ನಷ್ಟು ನಿಧಾನ.

ನೀವೇ ಪರೀಕ್ಷಿಸಬಹುದು. ಒಂದೇ ದೊಡ್ಡ ಫೈಲನ್ನು ಡಿಎನ್‌ಎಸ್ ಬದಲಿಸುವ ಮೊದಲು ಮೂರು ಸಲ, ಬದಲಿಸಿದ ಕೂಡಲೇ ಮೂರು ಸಲ ಇಳಿಸಿಕೊಂಡು ಸಮಯ ಬರೆದಿಡಿ. ಕಂಪ್ಯೂಟರ್ ಇದ್ದರೆ ರೂಟರ್‌ಗೆ ಕೇಬಲ್‌ನಲ್ಲೇ ಜೋಡಿಸಿ. ವೈಫೈ ಏರಿಳಿತ ಲೆಕ್ಕವನ್ನೇ ಕೆಡಿಸುತ್ತದೆ.