‘ಯಾರ ಮನೆ ಮಾಣಿ?’ ಅಂತ ಕೇಳಿ ಕೆಲಸ ಕೊಟ್ಟರೆ

ಶಿರಸಿ ಪೇಟೆಯಲ್ಲಿ ಅಂಗಡಿಗೋ ಆಫೀಸಿಗೋ ಜನ ಬೇಕಾದಾಗ ಸಂದರ್ಶನದ ಮೊದಲ ಪ್ರಶ್ನೆ ಯಾವುದು ಅಂತ ಎಲ್ಲರಿಗೂ ಗೊತ್ತು: ‘ಯಾವ ಊರು? ಯಾರ ಮನೆ ಮಾಣಿ?’, ಅಂದರೆ ಯಾರ ಮನೆ ಹುಡುಗ. ಉತ್ತರ ಪರಿಚಯದ್ದಾದರೆ ಕೆಲಸ ಅರ್ಧ ಸಿಕ್ಕಂತೆ. ಈ ಸಲ ತೋಟಕ್ಕೆ ಕೊಳೆರೋಗ ಎಷ್ಟು ಬಂತು, ಅಣ್ಣ ಎಲ್ಲಿದ್ದಾನೆ ಅನ್ನುವುದರಲ್ಲಿ ಇಪ್ಪತ್ತು ನಿಮಿಷ ಕಳೆಯುತ್ತದೆ. ಚಾ ಕುಡಿದಾದ ಮೇಲೆ ‘ಸೋಮವಾರದಿಂದ ಬಾ’. ಆರು ತಿಂಗಳಿಗೆ ಅದೇ ಕುರ್ಚಿ ಖಾಲಿ. ಆಮೇಲೆ ‘ಈಗಿನ ಹುಡುಗರು ನಿಲ್ಲೋದಿಲ್ಲ ಮಾರಾಯ್ರೆ, ಎಲ್ಲಾ ಬೆಂಗಳೂರು’ ಅಂತ ದೂರು.

ಹೋಗುವವರು ಹೋಗುತ್ತಾರೆ, ನಿಜ. ಆದರೆ ಆರಿಸುವಾಗಲೇ ಎಡವಿದ್ದನ್ನೂ ಬೆಂಗಳೂರಿನ ತಲೆಗೆ ಕಟ್ಟುವುದು ಸರಿಯಲ್ಲ.

ಹರಟೆಯಂಥ ಸಂದರ್ಶನದಿಂದ ಕೆಲಸಗಾರ ಹೇಗಿರುತ್ತಾನೆಂದು ಎಷ್ಟು ತಿಳಿಯುತ್ತದೆ ಅನ್ನುವುದನ್ನು ಅಳೆದವರಿದ್ದಾರೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅನ್ನುವ ಇಬ್ಬರು ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಅಂದಾಜು ಪೂರ್ತಿ ನಿಜವಾದರೆ 1, ಏನೂ ಸಂಬಂಧವಿಲ್ಲದಿದ್ದರೆ 0 ಅನ್ನುವ ಅಳತೆಯಲ್ಲಿ ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.38, ಎಲ್ಲರಿಗೂ ಅದೇ ಪ್ರಶ್ನೆ ಕೇಳಿ ಅಂಕ ಹಾಕುವ ಕ್ರಮಬದ್ಧ ಸಂದರ್ಶನಕ್ಕೆ 0.51. ‘ಎಷ್ಟು ವರ್ಷದ ಅನುಭವ’ ಅನ್ನುವುದಕ್ಕೆ ಬರೀ 0.18! 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಮರುಲೆಕ್ಕ ಹಾಕಿದಾಗ ಅಂಕಿಗಳು ಇಳಿದವು, ಆದರೂ ಕ್ರಮಬದ್ಧ ಸಂದರ್ಶನವೇ 0.42ರೊಂದಿಗೆ ಮೊದಲ ಸ್ಥಾನದಲ್ಲಿ ನಿಂತಿತು. ನಮ್ಮಲ್ಲಿ ಜಾಹೀರಾತಿನ ಮೊದಲ ಸಾಲೇ ‘ಕನಿಷ್ಠ 5 ವರ್ಷ ಅನುಭವ’.

ಅದಕ್ಕಿಂತ ಅರ್ಧ ಗಂಟೆ ಕೆಲಸ ಮಾಡಿಸಿ ನೋಡಿ. ಅಡಿಕೆ ವ್ಯಾಪಾರದ ಅಂಗಡಿಗೆ ಲೆಕ್ಕ ಬರೆಯುವವರು ಬೇಕು ಅಂತಿಟ್ಟುಕೊಳ್ಳಿ. ಒಂದು ತೂಕದ ಚೀಟಿ ಕೊಡಿ: ಚಾಲಿ ಅಡಿಕೆ, 3 ಚೀಲ, ಒಟ್ಟು 196 ಕೆಜಿ 400 ಗ್ರಾಂ, ದರ ಕ್ವಿಂಟಲಿಗೆ 42,500. ಬಿಲ್ ಮಾಡಲು ಹೇಳಿ, ಚೀಲದ ತೂಕ ಮಾತ್ರ ಬರೆಯಬೇಡಿ. ಕೆಲವರು ಸರಸರ ಗುಣಿಸಿ 83,470 ಅಂತ ಬರೆದುಬಿಡುತ್ತಾರೆ. ಕೈ ಚುರುಕು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯೂ ಬರುತ್ತದೆ, ಆದರೆ ಚೀಲಕ್ಕೂ ಅಡಿಕೆಯ ದರ ಕೊಟ್ಟರು. ಇನ್ನೊಬ್ಬರು ಪೆನ್ನು ನಿಲ್ಲಿಸಿ, ‘ಚೀಲಕ್ಕೆ ಎಷ್ಟು ಕಳೀಬೇಕು?’ ಅನ್ನುತ್ತಾರೆ. ‘ಒಂದಕ್ಕೆ 900 ಗ್ರಾಂ’ ಅಂದ ಕೂಡಲೇ 193 ಕೆಜಿ 700 ಗ್ರಾಂ ಹಿಡಿದು 82,322 ರೂಪಾಯಿ 50 ಪೈಸೆ ತರುತ್ತಾರೆ. ವ್ಯತ್ಯಾಸ 1,147 ರೂಪಾಯಿ 50 ಪೈಸೆ, ಒಂದೇ ಚೀಟಿಯಲ್ಲಿ. ಗುಣಾಕಾರವನ್ನು ಕ್ಯಾಲ್ಕುಲೇಟರ್ ಮಾಡುತ್ತದೆ. ನೀವು ಹುಡುಕುತ್ತಿರುವುದು ಆ ಪ್ರಶ್ನೆ ಕೇಳುವವರನ್ನು.

ಗೋಕರ್ಣದ ಹೋಂಸ್ಟೇಗೆ ಅಡುಗೆಯವರು ಬೇಕಾದರೆ ಎಂಟು ಜನರ ಊಟ ಮಾಡಿಸಿ, ರುಚಿಯ ಜೊತೆಗೆ ಅಡುಗೆ ಮುಗಿದ ಮೇಲಿನ ಕಟ್ಟೆಯನ್ನೂ ಉಳಿದ ಸಾಮಾನನ್ನೂ ನೋಡಿ. ಇಡೀ ದಿನ ದುಡಿಸಿ ನೋಡುವುದಾದರೆ ಆ ದಿನದ ಕೂಲಿ ಕೊಡಲೇಬೇಕು. ‘ಟ್ರಯಲ್’ ಹೆಸರಲ್ಲಿ ವಾರಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವವರಿಗೆ ಈ ಬರಹ ಅಲ್ಲ.

ಮಾತಿನ ಸಂದರ್ಶನಕ್ಕೆ ಐದು ಪ್ರಶ್ನೆ ಸಾಕು, ಮೊದಲೇ ಬರೆದಿಟ್ಟುಕೊಂಡು ಎಲ್ಲರಿಗೂ ಅವೇ. ‘ಸಂಜೆ ನಗದಿನಲ್ಲಿ 500 ರೂಪಾಯಿ ಕಮ್ಮಿ ಬಂತು, ಯಜಮಾನರು ಊರಲ್ಲಿಲ್ಲ, ಏನು ಮಾಡ್ತೀರಿ?’ ಅನ್ನುವಂಥವು. ಒಳ್ಳೆಯ ಉತ್ತರ ಯಾವುದು ಅನ್ನುವುದನ್ನೂ ಮೊದಲೇ ಬರೆದಿಡಿ. ಇಬ್ಬರು ಕೂರಿ, ಐದರಲ್ಲಿ ಇಷ್ಟು ಅಂತ ಬೇರೆ ಬೇರೆ ಕಾಗದದಲ್ಲಿ ಅಂಕ ಹಾಕಿ, ಹಾಕಿದ ಮೇಲೆಯೇ ಬಾಯಿ ಬಿಡಿ. ಯಜಮಾನರು ‘ಹುಡುಗ ಚೂಟಿ ಇದ್ದ’ ಅಂದಮೇಲೆ ಮ್ಯಾನೇಜರ್ ಎರಡು ಅಂಕ ಹಾಕಿದ್ದನ್ನು ಯಾರೂ ಕಂಡಿಲ್ಲ. ಹೆಣ್ಣುಮಕ್ಕಳಿಗೆ ‘ಮದುವೆ ಯಾವಾಗ?’ ಅಂತ ಕೇಳುವ ಚಾಳಿ ಬಿಡಿ. ಸಂಜೆ ಏಳರ ತನಕ ಇರಬೇಕಾದರೆ ಅದನ್ನೇ ಕೇಳಿ, ಗಂಡಸರಿಗೂ ಕೇಳಿ.

ನಮ್ಮ ಕಡೆಯ ತಾಪತ್ರಯಗಳನ್ನೂ ಮೊದಲೇ ಆಡಿಬಿಡುವುದು ಒಳ್ಳೆಯದು. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಜನ ಬೇಕೇ ಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಗೆ ರಜೆ ಎಷ್ಟು ದಿನ? ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದರೆ ಕುಮಟಾ ಕಡೆಯಿಂದ ಓಡಾಡುವವರು ಏನು ಮಾಡಬೇಕು? ರಾತ್ರಿಯಿಡೀ ಯಕ್ಷಗಾನದ ಆಟದಲ್ಲಿ ವೇಷ ಮಾಡುವವರಿಗೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವ ಕೆಲಸ ಕೊಟ್ಟು ಆಮೇಲೆ ಬೈದರೆ ತಪ್ಪು ಯಾರದ್ದು?

ಜನ ಬಿಡಲು ದೊಡ್ಡ ಕಾರಣ ಸಂಬಳದ ಗುಟ್ಟು. ‘ಯೋಗ್ಯತೆಗೆ ತಕ್ಕ ಸಂಬಳ’ ಅಂತ ಹಾಕಿದರೆ ಚೆನ್ನಾಗಿ ಕೆಲಸ ಬಲ್ಲವರು ಫೋನೇ ಮಾಡುವುದಿಲ್ಲ. ಮೊತ್ತ, ವೇಳೆ, ವಾರದ ರಜೆ ಬರೆಯಿರಿ. ಕೈಗೆ ಬರುವುದು ಎಷ್ಟು ಅನ್ನುವುದನ್ನೂ ಬಿಡಿಸಿ ಹೇಳಿ. ಸಾಮಾನ್ಯವಾಗಿ ಕೆಲಸಗಾರರು 10 ಜನರಾದರೆ ಇಎಸ್‌ಐ (ನೌಕರರ ವಿಮೆ), 20 ಆದರೆ ಪಿಎಫ್ (ಭವಿಷ್ಯ ನಿಧಿ) ಕಡಿತ ಇರುತ್ತದೆ. ಉದಾಹರಣೆಗೆ 15,000 ಪೂರ್ತಿ ಮೂಲ ವೇತನವಾದರೆ ಶೇ. 12ರಂತೆ ಪಿಎಫ್ 1,800, ಶೇ. 0.75ರಂತೆ ಇಎಸ್‌ಐ 113 ಕಳೆದು ಕೈಗೆ 13,087. ಇದನ್ನು ಮೊದಲ ಸಂಬಳದ ದಿನ ತಿಳಿದವರಿಗೆ ಮೋಸ ಹೋದಂತೆಯೇ ಅನಿಸುತ್ತದೆ.

ಹಿಂದೆ ಇದ್ದಲ್ಲಿ ವಿಚಾರಿಸುವಾಗ ‘ಹೇಗಿದ್ದ?’ ಅಂತ ಕೇಳಿದರೆ ಸಣ್ಣ ಊರಲ್ಲಿ ‘ಅಡ್ಡಿಲ್ಲೆ’ ಅನ್ನುವುದು ಬಿಟ್ಟು ಬೇರೆ ಉತ್ತರ ಬಾರದು. ನಾಳೆ ಮದುವೆ ಮನೆಯಲ್ಲಿ ಎದುರಾಗಬೇಕಲ್ಲ! ಯಾವ ತಿಂಗಳಿಂದ ಯಾವ ತಿಂಗಳ ತನಕ ಇದ್ದರು, ಸಂಜೆ ನಗದು ಯಾರ ಕೈಯಲ್ಲಿತ್ತು ಅಂತ ಕೇಳಿ. ಕೊನೆಗೆ, ‘ಮತ್ತೆ ಬರ್ತೇನೆ ಅಂದ್ರೆ ಇಟ್ಟುಕೊಳ್ತೀರಾ?’ ಹೂಂ ಅನ್ನುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನು ಗಮನಿಸಿ.

ಆರಿಸಿದ ಮೇಲೆ ಮೂರು ದಿನದೊಳಗೆ ತಿಳಿಸಿ, ನೇಮಕಾತಿ ಪತ್ರ ಕೊಡಿ. ಓಡಿಹೋಗದಿರಲಿ ಅಂತ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇಟ್ಟುಕೊಳ್ಳಬೇಡಿ, ನೋಡಿ ಜೆರಾಕ್ಸ್ ಸಾಕು. ಆಯ್ಕೆಯಾಗದವರಿಗೂ ಅದೇ ವಾರ ಒಂದು ಫೋನ್ ಹೋಗಲಿ. ಎರಡನೆಯ ಸ್ಥಾನದಲ್ಲಿದ್ದವರ ನಂಬರ್ ಮಾತ್ರ ಅಳಿಸಬೇಡಿ.