ಮೊದಲು ಮೂರು, ಆಮೇಲೆ ಒಂದು

ತಪ್ಪು ನನ್ನದೇ. ಬೆಣ್ಣೆ ದೋಸೆ ಬರುವವರೆಗೆ ಸುಮ್ನೆ ಕೂರೋದ್ಯಾಕೆ ಅಂತ ಅಕ್ಕನ ಮಗನನ್ನು ಕೇಳಿದೆ. "ಡ್ರ್ಯಾಗನ್ ಕ್ವೆಸ್ಟ್ ಅಂತ ವಿಡಿಯೋ ಗೇಮ್ ಆಡ್ತಿರ್ತೀಯಲ್ಲ, ನಾನೂ ಆಡೋಣ ಅಂತಿದೀನಿ. ಯಾವುದರಿಂದ ಶುರು ಮಾಡ್ಲಿ?"

"ಮೂರರಿಂದ, ಮಾಮ."

ತಮಾಷೆ ಅಂದುಕೊಂಡೆ. ಅಲ್ಲ. ಒಂದನೆಯದು ಬಂದದ್ದು 1986ರಲ್ಲಿ, ಮೂರನೆಯದು 1988ರಲ್ಲಿ. ಆದರೆ ಕಥೆಯಲ್ಲಿ ಮೂರನೆಯದೇ ಮುತ್ತಜ್ಜನ ಕಾಲದ್ದು. ಹೊಸದಾಗಿ ಸುಣ್ಣಬಣ್ಣ ಹೊಡೆದು ಮಾರುವಾಗ ಕಂಪನಿಯವರೂ ಅದೇ ಲೆಕ್ಕ ಹಿಡಿದರು. 2024ರಲ್ಲಿ ಮೂರು ಬಂತು, 2025ರಲ್ಲಿ ಒಂದು ಮತ್ತು ಎರಡು ಜೊತೆಗೆ. ನನಗೆ ಎಣಿಕೆ ಕಲಿಸಿದ ಮೇಷ್ಟ್ರು ಇದನ್ನು ಕೇಳಿದ್ದರೆ ಬೆತ್ತ ಹುಡುಕುತ್ತಿದ್ದರು.

"ಕಷ್ಟ ಆದ್ರೆ ಫೈನಲ್ ಫ್ಯಾಂಟಸಿ ಆಡು. ಅದನ್ನ ಎಲ್ಲಿಂದ ಬೇಕಾದ್ರೂ ಶುರು ಮಾಡಬಹುದು."

ಆಹಾ, ಎಂಥ ಔದಾರ್ಯ! 1987ರಲ್ಲೇ 'ಫೈನಲ್' ಅಂತ ಹೆಸರಿಟ್ಟರು. 2023ರಲ್ಲಿ ಹದಿನಾರನೆಯದು ಬಂತು. 'ಕೊನೆಯ ಮೂರೇ ದಿನ' ಅಂತ ವರ್ಷವಿಡೀ ಬೋರ್ಡ್ ನೇತುಹಾಕುವ ನಮ್ಮ ಸೀರೆ ಅಂಗಡಿಯವರು ಇವರ ಕಾಲಿಗೆ ಬೀಳಬೇಕು. ನಂಬರಿಗೂ ನಂಬರಿಗೂ ಕಥೆಯ ಸಂಬಂಧ ಇಲ್ಲ. ಕೆಲವಕ್ಕೆ ಮಾತ್ರ ಮುಂದಿನ ಭಾಗ ಉಂಟು, ಹತ್ತನೆಯದರ ಮುಂದಿನ ಭಾಗದ ಹೆಸರು ಹತ್ತು-ಎರಡು. ಹನ್ನೆರಡಲ್ಲ, ಹನ್ನೆರಡು ಬೇರೆ. ಸಾಲದ್ದಕ್ಕೆ 1994ರಲ್ಲಿ ಅಮೆರಿಕದವರಿಗೆ ಆರನೆಯದನ್ನು ಮೂರು ಅಂತ ಮಾರಿದ್ದರು.

ದೋಸೆ ಬಂತು, ಜೊತೆಗೆ ಬಿಲ್ಲೂ ಬಂತು. ರಷ್ ಇದ್ದಾಗ ಇಲ್ಲಿ ಹಾಗೇ, ಬೇಗ ಏಳಿ ಅಂತ ಅರ್ಥ. ಹುಡುಗ ತಟ್ಟೆ ಪಕ್ಕಕ್ಕೆ ಸರಿಸಿ ಬಿಲ್ಲಿನ ಹಿಂದೆ ಗೀಚತೊಡಗಿದ. ಜೆಲ್ಡಾ ಅನ್ನೋ ಇನ್ನೊಂದು ಆಟದ ಸರಣಿಯಂತೆ. 1998ರ ಆಕರಿನಾ ಆಫ್ ಟೈಮ್ ಮುಗಿದ ಮೇಲೆ ಕಾಲವೇ ಮೂರು ಕವಲಾಗುತ್ತದೆ. ನಾಯಕ ಗೆದ್ದು ಬಾಲ್ಯಕ್ಕೆ ಮರಳಿದ ಕಾಲ ಒಂದು. ಅವನು ಬಿಟ್ಟುಬಂದ ಕಾಲ ಇನ್ನೊಂದು. ಸೋತೇ ಹೋದ ಕಾಲ ಮತ್ತೊಂದು. 1986ರ ಮೊಟ್ಟಮೊದಲ ಆಟ ಇರುವುದು ಆ ಸೋತ ಕವಲಿನಲ್ಲಿ! ಇದನ್ನು ಕಂಪನಿ ಪುಸ್ತಕ ಮಾಡಿ ಬಾಯಿಬಿಟ್ಟದ್ದು 2011ರಲ್ಲಿ. ಇಪ್ಪತ್ತೈದು ವರ್ಷ ಜನ ಯಾವ ಕಾಲದಲ್ಲಿದ್ದೀವಿ ಅಂತ ಗೊತ್ತಿಲ್ಲದೆ ಆಡಿದರು, ಪಾಪ.

ನಗಬೇಡಿ. ನಮ್ಮ ಹರಪನಹಳ್ಳಿಯನ್ನೇ ತಗೊಳ್ಳಿ. 1997ರ ತನಕ ಬಳ್ಳಾರಿ ಜಿಲ್ಲೆ. ಆಮೇಲೆ ದಾವಣಗೆರೆ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ಅಲ್ಲಿನ ರೈತ ಹೊಲ ಬಿಟ್ಟು ಕದಲಲಿಲ್ಲ, ಜಿಲ್ಲೆ ಮಾತ್ರ ಮೂರು ಸಲ ಬದಲಾಯಿತು. ದಾವಣಗೆರೆಯೇ 1997ರ ತನಕ ಚಿತ್ರದುರ್ಗದ ಒಂದು ತಾಲ್ಲೂಕು. ಹಳೇ ಪಹಣಿ ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಜೆಲ್ಡಾ ಯಾವ ಲೆಕ್ಕ?

ಇನ್ನು ಆಡುವವರು ಕಟ್ಟುವ ಥಿಯರಿಗಳು. ಫೈನಲ್ ಫ್ಯಾಂಟಸಿ ಎಂಟರಲ್ಲಿ ಸ್ಕ್ವಾಲ್ ಅಂತ ನಾಯಕ. ಮೊದಲ ಡಿಸ್ಕಿನ ಕೊನೆಗೆ ಅವನಿಗೆ ಮಂಜಿನ ಭರ್ಜಿ ಚುಚ್ಚುತ್ತದೆ. ಉಳಿದ ಮೂರು ಡಿಸ್ಕ್ ಸಾಯುವವನ ಕನಸು ಅಂತ ಒಂದು ಪಂಗಡದ ವಾದ. ಕೊನೆಗೆ ನಿರ್ದೇಶಕರೇ, ಚುಚ್ಚಿದ್ದು ಭುಜಕ್ಕೆ ಕಣ್ರಪ್ಪಾ, ಅವನು ಸತ್ತಿಲ್ಲ ಅಂದರು. ಹೆತ್ತವರೇ ಬದುಕಿದ್ದಾನೆ ಅಂದರೂ ಇವರು ತಿಥಿ ಮಾಡುವುದು ಬಿಟ್ಟಿಲ್ಲ. ಎಲ್ಡರ್ ಸ್ಕ್ರೋಲ್ಸ್ ಅನ್ನೋ ಆಟದ ಸರಣಿಯವರು ಇನ್ನೂ ಜಾಣರು. ಅವರ ಡ್ಯಾಗರ್‌ಫಾಲ್ ಆಟಕ್ಕೆ ಹಲವು ಕೊನೆಗಳಿದ್ದವು. ಯಾವುದು ನಿಜ? ಕಾಲ ಮುರಿಯಿತು, ಎಲ್ಲವೂ ಒಟ್ಟಿಗೇ ನಡೆದವು ಅಂದುಬಿಟ್ಟರು. ಭಿನ್ನಮತೀಯರಿಗೆಲ್ಲ ಒಂದೊಂದು ಖಾತೆ ಕೊಟ್ಟು ಸರ್ಕಾರ ಉಳಿಸಿಕೊಂಡ ಹಾಗೆ.

"ಕಿಂಗ್‌ಡಮ್ ಹಾರ್ಟ್ಸ್ ಇನ್ನೂ ಹೇಳಿಲ್ಲ ಮಾಮ" ಅಂದ.

ಹೇಳಿದ. ಒಂದು ಆದ ಮೇಲೆ ಎರಡು ಆಡಿದರೆ ತಲೆಬುಡ ಅರ್ಥವಾಗಲ್ಲ, ನಡುವಿನ ಕಥೆ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನಲ್ಲಿತ್ತು. ಉಳಿದ ತುಂಡುಗಳು ಅಂಥದೇ ಬೇರೆ ಬೇರೆ ಯಂತ್ರಗಳಲ್ಲಿ: ಒಂದು ಡಿಎಸ್‌ನಲ್ಲಿ, ಇನ್ನೊಂದು ಪಿಎಸ್‌ಪಿಯಲ್ಲಿ, ಮತ್ತೊಂದು ತ್ರೀಡಿಎಸ್‌ನಲ್ಲಿ. ಒಂದರ ಹೆಸರು 358/2 ದಿನ. ಆಮೇಲೆ ಎಲ್ಲವನ್ನೂ ಗಂಟು ಕಟ್ಟಿ 1.5, 2.5, 2.8 ಅಂತ ಮತ್ತೆ ಮಾರಿದರು. 2.8ರೊಳಗೆ 0.2 ಇದೆ. ಮೂರು ಬಂದದ್ದು 2019ರಲ್ಲಿ.

ಇಲ್ಲಿಗೆ ನನ್ನ ನಗು ನಿಂತುಹೋಯಿತು. ಇಡೀ ದಿನ ದುಡಿದು ರಾತ್ರಿ ಹತ್ತಕ್ಕೆ ಒಂದು ಗಂಟೆ ಸಿಗುತ್ತದೆ ನನಗೆ. ಕತ್ತಿ ಹಿಡಿದು ಒಂದು ಡ್ರ್ಯಾಗನ್ ಹೊಡೆಯಬೇಕು, ಮಲಗಬೇಕು. ಅದಕ್ಕೂ ಸಿಲಬಸ್ಸು, ಅದಕ್ಕೂ ಹಿಂದಿನ ಸೆಮಿಸ್ಟರ್ ಪಾಸಾಗಿರಬೇಕು. ಕಂಪನಿಯವರು ಕಥೆಯಲ್ಲಿ ತೂತು ಬಿಟ್ಟು ದುಡ್ಡು ಎಣಿಸುತ್ತಾರೆ. ಈ ಹುಡುಗರು ನಿದ್ದೆಗೆಟ್ಟು ಆ ತೂತಿಗೆ ಪುಕ್ಕಟೆ ತೇಪೆ ಹಾಕುತ್ತಾರೆ. ಹಾಕಿ, 'ತಪ್ಪು ಕ್ರಮದಲ್ಲಿ ಆಡಿದ್ರೆ ಎಲ್ಲ ಹಾಳು' ಅಂತ ನಮ್ಮನ್ನೇ ಹೆದರಿಸುತ್ತಾರೆ. ಸಾಕಪ್ಪಾ.

ಮಹಾಭಾರತವನ್ನು ಆದಿಪರ್ವದಿಂದ ಯಾರು ಶುರು ಮಾಡಿದ್ದೀವಿ ಹೇಳಿ. ನಮ್ಮಜ್ಜಿ ಮೊದಲು ಕೀಚಕನನ್ನು ಕೊಲ್ಲಿಸಿದಳು, ಯಾಕೆಂದರೆ ಅವತ್ತು ಕರೆಂಟ್ ಹೋಗಿತ್ತು, ನಾವು ಗಲಾಟೆ ಮಾಡುತ್ತಿದ್ದೆವು. ಅದಾದ ಮೇಲೆ ಚಕ್ರವ್ಯೂಹ. ಸತ್ತ ಅಭಿಮನ್ಯು ಮುಂದಿನ ವಾರ ಸುಭದ್ರೆಯ ಹೊಟ್ಟೆಯಲ್ಲಿ ಹೂಂಗುಟ್ಟುತ್ತಿದ್ದ. ದ್ರೌಪದಿ ಸ್ವಯಂವರ ಬಂದದ್ದು ದಸರಾ ರಜೆಯಲ್ಲಿ. ಬಯಲಾಟದಲ್ಲಂತೂ ಅರ್ಧ ನಿದ್ದೆ ಮಾಡಿ, ಭೀಮ ಕೂಗಿದಾಗ ಎದ್ದು ಕೂತವರು ನಾವು. ಯಾರೂ ಚಾರ್ಟ್ ಕೇಳಲಿಲ್ಲ.

ಇದನ್ನೇ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದ್ರೆ ಅಭಿಮನ್ಯು ಸತ್ತಿದ್ದು ಬೇರೆ ಟೈಮ್‌ಲೈನ್ ಇರಬಹುದಲ್ವಾ ಮಾಮ?" ಅಂದ.

ಅಷ್ಟರಲ್ಲಿ ಅವನ ದೋಸೆ ಮೇಲಿನ ಬೆಣ್ಣೆ ಕರಗಿ, ತಟ್ಟೆಗಿಳಿದು, ಅಂಚಿನಲ್ಲಿ ಬಿಳಿ ಗೆರೆಯಾಗಿ ಗಟ್ಟಿಯಾಗಿತ್ತು. ನನ್ನ ಎರಡನೇ ದೋಸೆಯೂ ಮುಗಿದಿತ್ತು. ಎದ್ದು ಬಿಲ್ ಕೊಟ್ಟೆ. ಗಲ್ಲಾದವರು ಅದನ್ನು ತಿರುಗಿಸಿದರು. ಬಾಣ, ಚೌಕ, ಮೂರು ಕವಲು ನೋಡಿ ಕನ್ನಡಕ ಮೇಲೇರಿಸಿದರು.

"ಹೊಸ ಲೇಔಟಾ ಸಾರ್? ಯಾವ ಕಡೆ, ಶಾಮನೂರಾ?"