ತಮ್ಮ ದುಬೈಗೆ ಹೋದ, ಅಕೌಂಟ್ ತಿಪಟೂರಲ್ಲೇ ಉಳೀತು

ತಮ್ಮ ದುಬೈಗೆ ಹೊರಟಾಗ ಅಮ್ಮ ಚಟ್ನಿಪುಡಿ, ಹುರಿಗಾಳು, ಕೊಬ್ಬರಿ ಮಿಠಾಯಿ ಎಲ್ಲ ಕಟ್ಟಿಕೊಟ್ಟರು. ಅಪ್ಪ ಪಾಸ್‌ಪೋರ್ಟನ್ನು ಮೂರು ಸಲ ತೆಗೆದು ನೋಡಿ ಮತ್ತೆ ಬ್ಯಾಗಿಗಿಟ್ಟರು. ಅವನ ಬ್ಯಾಂಕ್ ಅಕೌಂಟ್ ಮಾತ್ರ ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಅದರಿಂದ ನಾವು ಪಟ್ಟ ಪಾಡು ಬೇರೆಯವರು ಪಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಹೋಗುವವರಿಗಿಂತ ಊರಲ್ಲಿ ಉಳಿಯುವವರು ಇದನ್ನು ಓದಲಿ ಅನ್ನೋದು ನನ್ನ ಆಸೆ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ತುಮಕೂರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಮೊದಲು ದುಡ್ಡು ಕಟ್ಟಿ ಅಂದರು. ತಮ್ಮನ ಅಕೌಂಟಲ್ಲಿ ದುಡ್ಡಿತ್ತು. ತೋಟದ ಪಹಣಿ ಅವನು ಹೋಗುವ ಮುಂಚಿನಿಂದಲೂ ಅವನ ಹೆಸರಲ್ಲೇ ಇದೆ, ಕೊಬ್ಬರಿ ಮಾರಿದ ದುಡ್ಡನ್ನು ಮಂಡಿಯವರು ಅಲ್ಲಿಗೇ ಹಾಕುತ್ತಿದ್ದರು. ಅವನು ಅಲ್ಲಿಂದ ನೆಟ್ ಬ್ಯಾಂಕಿಂಗ್ ತೆಗೆದ. ಒಟಿಪಿ ಹೋಗಿದ್ದು ಅವನ ಹಳೇ ನಂಬರಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಯಾವತ್ತೋ ಬಂದ್ ಆಗಿತ್ತು. "ಅಕ್ಕ, ದುಡ್ಡು ಕಾಣ್ತಾ ಇದೆ, ತೆಗೆಯೋಕೆ ಆಗ್ತಿಲ್ಲ" ಅಂತ ಅವನು ಫೋನಲ್ಲಿ ಅಳುತ್ತಿದ್ದ. ನಾನು ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ. ಕೊನೆಗೆ ಮಂಡಿಯವರೇ ಆ ಹೊತ್ತಲ್ಲಿ ದುಡ್ಡು ಕಳಿಸಿದರು. ಅಪ್ಪ ಈಗ ಚೆನ್ನಾಗಿದ್ದಾರೆ. ಆ ರಾತ್ರಿ ಮಾತ್ರ ನನಗೆ ಮರೆಯೋಕಾಗಲ್ಲ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಸಿಮ್ ಒಂದೇ ಅಲ್ಲ, ಆ ಅಕೌಂಟನ್ನು ಹಾಗೇ ಇಟ್ಟುಕೊಂಡಿದ್ದೂ ತಪ್ಪು. ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವರು ಇಲ್ಲಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಹೊರದೇಶದಲ್ಲಿ ಇರುವವರು ಇಲ್ಲಿನ ದುಡ್ಡಿಗೆ ಇಟ್ಟುಕೊಳ್ಳುವ ಖಾತೆಯಾಗಿ, ಬದಲಾಯಿಸಿಕೊಳ್ಳಬೇಕು. 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಕೆಳಗೆ ಬರುವ ನಿಯಮ ಇದು. ಪಾಸ್‌ಪೋರ್ಟ್, ವೀಸಾ, ಪ್ಯಾನ್, ಅಲ್ಲಿನ ವಿಳಾಸದ ಪುರಾವೆ ಕೊಟ್ಟರೆ ಬ್ಯಾಂಕಿನವರು ಮಾಡಿಕೊಡುತ್ತಾರೆ. ಹೊರಡುವ ಮುಂಚೆಯೇ ಬ್ಯಾಂಕಿಗೆ ಹೋಗಿ ಏನೇನು ಬೇಕು ಅಂತ ಕೇಳಿ ಬಂದಿದ್ದರೆ ನಮಗೆ ಅರ್ಧ ಕಷ್ಟ ತಪ್ಪುತ್ತಿತ್ತು.

ಇನ್ನೊಂದು ಎನ್‌ಆರ್‌ಇ ಖಾತೆ. ಅಲ್ಲಿ ದುಡಿದು ಕಳಿಸುವ ದುಡ್ಡಿಗೆ ಅದು. ಇಲ್ಲಿನ ಸಂಪಾದನೆ, ಅಂದರೆ ನಮ್ಮ ಕೊಬ್ಬರಿ ದುಡ್ಡು, ಮನೆ ಬಾಡಿಗೆ, ಇವನ್ನು ಸಾಮಾನ್ಯವಾಗಿ ಎನ್‌ಆರ್‌ಒಗೇ ಹಾಕಬೇಕು. ನನ್ನ ತಮ್ಮನಿಗೂ ಇದು ಗೊತ್ತಿರಲಿಲ್ಲ. ಎನ್‌ಆರ್‌ಇ ದುಡ್ಡಿನ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ಪೂರ್ತಿ ವಾಪಸ್ ತೆಗೆದುಕೊಂಡು ಹೋಗಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ ತೆರಿಗೆ, ಅದರ ಮೇಲಿನ ಸೆಸ್ ಸೇರಿ ಶೇ 31.2 ಮೊದಲೇ ಹಿಡಿಯುತ್ತಾರೆ. ಅದರಿಂದ ಹೊರಗೆ ಕಳಿಸಬೇಕಾದರೆ ತೆರಿಗೆಯ ಕಾಗದಪತ್ರ ಬೇಕು, ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೂ ಇದೆ. ನಮ್ಮಂಥವರಿಗೆ ಮಿತಿಯ ಚಿಂತೆ ಇಲ್ಲ, ಕಾಗದಪತ್ರದ್ದೇ ಚಿಂತೆ.

ನಮಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮ್ಯಾಂಡೇಟ್ ಪತ್ರ. ತಮ್ಮ ಕಳೆದ ಯುಗಾದಿಗೆ ಬಂದಾಗ ನಾವಿಬ್ಬರೂ ಬ್ಯಾಂಕಿಗೆ ಹೋಗಿ, ಎನ್‌ಆರ್‌ಒ ಖಾತೆಯಿಂದ ಇಲ್ಲಿನ ಖರ್ಚಿಗೆ ನಾನು ದುಡ್ಡು ತೆಗೆಯಬಹುದು ಅಂತ ಬರೆದುಕೊಟ್ಟೆವು. ನನ್ನ ಸಹಿ ಈಗ ಅವರ ಹತ್ತಿರ ಇದೆ. ಅವನ ದುಬೈ ನಂಬರನ್ನೂ ಖಾತೆಗೆ ಜೋಡಿಸಿದೆವು. 2023ರಿಂದ ಯುಎಇ ನಂಬರಿಗೂ ಯುಪಿಐ ಸಿಗುವ ಹಾಗೆ ಆಗಿದೆ, ಆದರೆ ಎಲ್ಲ ಬ್ಯಾಂಕಲ್ಲೂ ಇಲ್ಲ. ನಿಮ್ಮ ಬ್ಯಾಂಕಲ್ಲಿ ಕೇಳಿ ನೋಡಿ.

ಇನ್ನು ದುಡ್ಡು ಕಳಿಸುವ ವಿಷಯ. ದಿರ್ಹಾಮನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರಿಗೆ 3.6725 ದಿರ್ಹಾಮ್. ಹಾಗಾಗಿ ಡಾಲರ್ ಏರಿದರೆ ನಮ್ಮ ಕೈಗೆ ಬರುವ ರೂಪಾಯಿಯೂ ಏರುತ್ತದೆ. ಅವನು ಮೊದಲು "ಫೀ ಇಲ್ಲ" ಅಂತ ಬೋರ್ಡ್ ಹಾಕಿದ್ದ ಕಡೆಯಿಂದ ಕಳಿಸುತ್ತಿದ್ದ. ಅಲ್ಲಿ ರೇಟಲ್ಲೇ ಒಂದು ದಿರ್ಹಾಮಿಗೆ 30 ಪೈಸೆ ಕಮ್ಮಿ ಕೊಡುತ್ತಿದ್ದರು. ತಿಂಗಳಿಗೆ 5,000 ದಿರ್ಹಾಮ್ ಅಂದರೆ 1,500 ರೂಪಾಯಿ ಹೋಯಿತು. ವರ್ಷಕ್ಕೆ 18,000! ಅಮ್ಮನ ಮಾತ್ರೆಯ ಖರ್ಚು ಅದರಲ್ಲೇ ಕಳೆಯುತ್ತಿತ್ತು. ಈಗ ಅವನು ಕಳಿಸುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಎಲ್ಲ ಕಳೆದು ನಮ್ಮ ಅಕೌಂಟಿಗೆ ಎಷ್ಟು ರೂಪಾಯಿ ಬೀಳುತ್ತೆ? ಫೀ ಎಷ್ಟು, ರೇಟ್ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಬೇಡ.

ಅವನ ರೂಮಿನ ಹುಡುಗರು ಹವಾಲಾದಲ್ಲಿ, ಅಂದರೆ ಬ್ಯಾಂಕ್ ಬಿಟ್ಟು ಕಳ್ಳದಾರಿಯಲ್ಲಿ ಕಳಿಸಿದರೆ, ಒಳ್ಳೇ ರೇಟ್ ಸಿಗುತ್ತೆ, ಮನೆ ಬಾಗಿಲಿಗೇ ನೋಟು ತಂದು ಕೊಡುತ್ತಾರೆ ಅಂದರಂತೆ. ನಾನು ಬೇಡವೇ ಬೇಡ ಅಂದೆ. ಮೊದಲನೆಯದಾಗಿ ಅದು ಕಾನೂನಿಗೆ ವಿರುದ್ಧ. ನಾಳೆ ಸೈಟ್ ತಗೊಂಡಾಗ ಈ ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಬಿಸಿಲಲ್ಲಿ ಬೆಂದು ದುಡಿದ ದುಡ್ಡಿಗೆ ಅವನು ಯಾಕೆ ಹೆದರಬೇಕು, ಹೇಳಿ.

ನಮ್ಮ ಕಡೆ ಕೊಬ್ಬರಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು ಕಾಯುತ್ತೇವೆ. ಅಷ್ಟು ತಾಳ್ಮೆ ಇರುವ ನಾವು ಒಂದು ದಿನ ಬ್ಯಾಂಕಲ್ಲಿ ಕೂರೋಕೆ ಬೇಜಾರು ಮಾಡ್ಕೊಳ್ಳೋದು ಸರಿ ಅಲ್ಲ, ಅಲ್ವಾ? ಮಕ್ಕಳು ರಜಕ್ಕೆ ಬಂದರೆ ದೇವಸ್ಥಾನ, ನೆಂಟರ ಮನೆ ಸುತ್ತೋದರಲ್ಲೇ ರಜ ಮುಗಿಯುತ್ತದೆ. ಒಂದು ದಿನ ಇದಕ್ಕೆ ಅಂತ ಎತ್ತಿಡಿ. ಅಪ್ಪ ಅಮ್ಮನನ್ನೂ ಕೂರಿಸಿಕೊಂಡು, ಯಾವ ಖಾತೆ ಯಾಕೆ, ನಾಮಿನಿ ಯಾರು ಅಂತ ಹೇಳಿ.

ನಮ್ಮಮ್ಮ ಎರಡು ಖಾತೆಯ ನಂಬರನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು, ಪಾಸ್‌ಬುಕ್ ಜೊತೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಒಂದರ ಮುಂದೆ "ತೋಟ" ಅಂತಲೂ ಇನ್ನೊಂದರ ಮುಂದೆ "ದುಬೈ" ಅಂತಲೂ ಬರೆದಿದೆ. ಮೊನ್ನೆ ಮಂಡಿಯಿಂದ ಫೋನ್ ಬಂದಾಗ ನನ್ನನ್ನು ಕೇಳಲೇ ಇಲ್ಲ. ಕನ್ನಡಕ ಹಾಕಿಕೊಂಡು, ತೋಟದ ನಂಬರನ್ನು ತಾವೇ ಒಂದೊಂದೇ ಅಂಕಿ ನಿಧಾನಕ್ಕೆ ಓದಿ ಹೇಳಿದರು.